ಇಂದೂನ ವಂಶಾವಳಿ

ಮೇ ತಿಂಗಳ ಕೊನೆಯಲ್ಲಿ ನನ್ನ ಮೈದುನ ಶಿವಪ್ರಕಾಶನ ಮದುವೆ ಚಿಂಚವಾಡದ ಹಾಲ್‌ನಲ್ಲಿ ಆಯಿತು. ಮರುದಿನ ಬೆಳಿಗ್ಗೆ ನಿಗಡಿಯ ನಮ್ಮ ಫ್ಲ್ಯಾಟಿನಲ್ಲಿ ಗಂಡಹೆಂಡತಿ ಪೂಜೆಗೆ ಕೂತಿದ್ದಾಗ ಅವನ ಮುಖ ಬಿಳಿಚಿಕೊಂಡಿತು. ಎದ್ದು ಒಳಗೆ ಹೋಗಿ, ಈ ಹುಡುಗಿ ನನಗೆ ಬೇಡ ಎಂದ. ಕಾರಣ ಆ ದಿನ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಬಟ್ಟೆ ಬದಲಿಸಿ ಚಾಕಣದ ಕಾರ್ಖಾನೆಗೆ ಹೋದ.

ನಮ್ಮ ಅತ್ತೆ ಪಾರವ್ವ ಮಾವನಿಗೆ ಹೇಳಿದ್ದು ಒಂದೇ ಮಾತು: "ಅವರಪ್ಪಗ ಫೋನ್ ಹಚ್ರಿ."

ಹುಡುಗಿ ಇಂದೂ ಬೈಲಹೊಂಗಲದ ಕಡೆಯವಳು. ಈ ಊರಿನ ಮರಾಠಿ ಬಾರದು. ಅವಳ ತಂದೆ ಮಾರ್ತಾಂಡಪ್ಪ ಬಂದು ಕೈಮುಗಿದರು, ಅತ್ತರು. ಕೊನೆಗೆ, ಆಷಾಢದ ಹೆಸರಿನಲ್ಲಿ ಮಗಳನ್ನು ಕರೆದೊಯ್ಯುತ್ತೇನೆ ಎಂದರು. ಹೋದರೆ ಮರಳಿ ಕರೆಯುವುದಿಲ್ಲ ಎಂಬುದು ಇಂದೂಗೆ ಗೊತ್ತಿತ್ತು. ಅವಳು ಹೋಗಲಿಲ್ಲ. ಕಾಳುಕಡಿ ಇಡುವ ಕೋಣೆಯಲ್ಲಿ ಅವಳ ಹಾಸಿಗೆ ಬಿತ್ತು.

ನಾನು ಆಕುರ್ಡಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಆ ವಾರ ಮಧ್ಯಯುಗದ ಯುರೋಪಿನ ಪಾಠ ತಯಾರಿಸುತ್ತಿದ್ದೆ. ಏನು ಓದುತ್ತೀರಿ ಎಂದು ಇಂದೂ ಕೇಳಿದಳು. ನಾನು ಹೇಳಬಾರದಿತ್ತು, ಹೇಳಿದೆ. ಡೆನ್ಮಾರ್ಕಿನ ರಾಜಕುಮಾರಿ ಇಂಗೆಬೋರ್ಗ್ ಫ್ರಾನ್ಸಿನ ದೊರೆಯನ್ನು ಮದುವೆಯಾದಳು. ಮರುದಿನ ಅವಳಿಗೆ ಕಿರೀಟ ತೊಡಿಸುವ ಹೊತ್ತಿಗೇ ದೊರೆಗೆ ಅವಳು ಬೇಡವಾದಳು. ಅವನ ಕಡೆಯವರು ಒಂದು ವಂಶಾವಳಿ ಮುಂದಿಟ್ಟು, ಈಕೆ ದೊರೆಯ ಸತ್ತ ಮೊದಲ ಹೆಂಡತಿಗೆ ರಕ್ತಸಂಬಂಧಿ, ಈ ಮದುವೆ ಮದುವೆಯೇ ಅಲ್ಲ ಎಂದು ಪ್ರಮಾಣ ಮಾಡಿದರು. ಆ ನಾಡಿನ ಭಾಷೆ ಬಾರದ ರಾಣಿ ಒಪ್ಪಲಿಲ್ಲ. ಸುಮಾರು ಇಪ್ಪತ್ತು ವರ್ಷ ಮಠಗಳಲ್ಲಿ, ಕೋಟೆಗಳಲ್ಲಿ ಇಟ್ಟರೂ ನಾನೇ ರಾಣಿ ಎಂದಳು.

"ಆ ಸುಳ್ಳ ವಂಶಾವಳಿ ಬರದವರ ಹೆಸರೇನ್ರಿ, ಅಕ್ಕಾರ?"

ಪ್ರಮಾಣ ಮಾಡಿದವರ ಹೆಸರುಗಳಿವೆ, ಬರೆದವನದು ನನಗೆ ಗೊತ್ತಿಲ್ಲ ಎಂದೆ.

"ಅಂವಾ ಪಾರಾದ," ಎಂದಳು ಇಂದೂ.

ಅತ್ತೆ ಹಾಲ್‌ನಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ ನನ್ನನ್ನು ಎದುರಿಗೆ ಕೂರಿಸಿಕೊಂಡರು. ನಮ್ಮಲ್ಲಿ ಒಂದೇ ಬೆಡಗಿನವರು, ಅಂದರೆ ಒಂದೇ ಗೋತ್ರದವರು, ಒಡಹುಟ್ಟಿದವರಿದ್ದಂತೆ, ಅವರೊಳಗೆ ಮದುವೆ ನಡೆಯದು. ನಿಶ್ಚಯಕ್ಕೆ ಮೊದಲೇ ಎರಡೂ ಕಡೆಯ ಬೆಡಗು ಕೇಳಿ ನೋಡಿದ್ದರು, ಬೇರೆ ಬೇರೆ ಇತ್ತು. ಆದರೆ ಇಂದೂನ ಅಜ್ಜ ನಮ್ಮ ಮನೆತನದಿಂದ ದತ್ತು ಹೋದವನಾಗಿದ್ದರೆ? ಎಂದರು ಅತ್ತೆ. ಹೆಸರು ಬದಲಾದರೂ ರಕ್ತ ನಮ್ಮದೇ. ಅಲ್ಲ ಎನ್ನಲು ಆ ಕಾಲದವರು ಯಾರೂ ಉಳಿದಿಲ್ಲ. ಸಮಾಜದ ಹಿರಿಯರು ಕೂತು ಹೇಳಿಬಿಟ್ಟರೆ ಕೋರ್ಟಿನ ಗೊಡವೆಯೂ ಇಲ್ಲ.

"ವಂಶಾವಳಿ ಚಂದಾಗಿ ಬರಿ. ಕೆಳಗ ನಿನ್ನ ಸಹಿ ಇರಲಿ, ಕಾಲೇಜಿನಾಕಿ ಅಂದ್ರ ನಂಬತಾರ," ಎಂದ ಅತ್ತೆ ಸ್ವಲ್ಪ ತಡೆದರು. "ಎರಡೂ ಹೆಣ್ಣ ಹಡದಾಕಿನ್ನ ನಾವು ಮನ್ಯಾಗ ಇಟಗೊಂಡೀವಿ, ನೀಲಿಮಾ."

ಬರೆದೆ. ಇಸವಿಗಳು ಒಂದಕ್ಕೊಂದು ಹೊಂದುವಂತೆ ನೋಡಿಕೊಂಡೆ. ಒಂದು ಕಡೆ ಬೇಕೆಂದೇ 'ತಿಳಿದುಬಂದಿಲ್ಲ' ಎಂದು ಹಾಕಿದೆ. ಎಲ್ಲವೂ ತಿಳಿದಿರುವ ವಂಶಾವಳಿಯನ್ನು ಯಾರೂ ನಂಬುವುದಿಲ್ಲ.

ಆಷಾಢ ಮುಗಿಯುವಾಗ ನಾಲ್ವರು ಹಿರಿಯರು ನಮ್ಮ ಹಾಲ್‌ನಲ್ಲಿ ಕೂತರು. ಮಾರ್ತಾಂಡಪ್ಪ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ನಮ್ಮಪ್ಪ ಹೀಗೆಂದು ಒಮ್ಮೆಯೂ ಹೇಳಿರಲಿಲ್ಲ ಎನ್ನುವುದಷ್ಟೇ ಅವರಿಂದಾಯಿತು. ಇಂದೂ ನನ್ನ ಕಡೆ ತಿರುಗಿದಳು.

"ಅಕ್ಕಾರ, ಇದು ಖರೆ ಏನ್ರಿ?"

"ಖರೆ," ಎಂದೆ.

ಈ ಮದುವೆ ಮದುವೆಯೇ ಅಲ್ಲ ಎಂದ ಹಿರಿಯರು ಅವಳ ಕೈಯಿಂದಲೇ ತಾಳಿ ಬಿಚ್ಚಿಸಿದರು. ಅಷ್ಟಕ್ಕೆ ಅತ್ತೆಗೆ ತೃಪ್ತಿಯಾಗಲಿಲ್ಲ. ಹಸಿರು ಸೀರೆ, ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ಎಲ್ಲ ಮೊದಲೇ ಸಿದ್ಧವಿತ್ತು. ಮನೆಮಗಳಿಗೆ ತುಂಬುವಂತೆ ಇಂದೂಗೆ ಉಡಿ ತುಂಬಿ, "ನಿಮ್ಮಣ್ಣಗ ನಮಸ್ಕಾರ ಮಾಡವಾ," ಎಂದರು. ಹಿರಿಯರಲ್ಲೊಬ್ಬರು ನಗು ತಡೆಯಲು ಕೆಮ್ಮಿದರು.

ಇಂದೂ ಬಗ್ಗಿ ಶಿವಪ್ರಕಾಶನ ಕಾಲು ಮುಟ್ಟಿದಳು. ಆಮೇಲೆ ಹಿರಿಯರ ಕಡೆ ತಿರುಗಿ, "ಹಂಗಾದ್ರ ಇದು ನನ್ನ ತವರಮನಿ ಆತು. ಪಂಚಮಿ ಬಂತು. ಪಂಚಮಿ ಮುಂದ ಮಗಳನ್ನ ಹೊರಗ ಹಾಕ್ತಾರೇನ್ರಿ?" ಎಂದಳು.

ಹಿರಿಯರು ಅತ್ತೆಯ ಕಡೆ ನೋಡಿದರು. ಅತ್ತೆ ನಕ್ಕು, ಇರಲಿ, ಭಾಂಡಿ ತಿಕ್ಕಲು ಒಬ್ಬಾಕಿ ಬೇಕೇ ಇತ್ತು ಎಂದರು. ಮಾರ್ತಾಂಡಪ್ಪ ಹಾಳೆಯ ಒಂದು ಝೆರಾಕ್ಸ್ ಮಗಳ ಕೈಗೆ ಕೊಟ್ಟು ಒಬ್ಬರೇ ಬಸ್ಸು ಹತ್ತಿದರು.

ಅಂದಿನಿಂದ ಇಂದೂ ನನ್ನನ್ನು ಅಕ್ಕಾರ ಎನ್ನಲಿಲ್ಲ. ಅಣ್ಣನ ಹೆಂಡತಿಗೆ ಹೇಳುವಂತೆ ವೈನಿ ಎಂದಳು. ಪಂಚಮಿ ಕಳೆಯಿತು, ಗಣಪತಿಯೂ ಕಳೆಯಿತು. ಅವಳು ಭಾಂಡಿ ತಿಕ್ಕಿದಳು, ರೊಟ್ಟಿ ಬಡಿದಳು. ಅವಳು ಬಡಿಸಿದ್ದನ್ನು ಶಿವಪ್ರಕಾಶ ತಲೆ ಎತ್ತದೆ ಉಂಡ. ಅವಳ ಕೈ ನನ್ನ ತಟ್ಟೆಯ ಹತ್ತಿರ ಬಂದಾಗಲೆಲ್ಲ ನಾನು ಅದನ್ನೇ ನೋಡುತ್ತಿದ್ದೆ.

ದಸರೆಯ ಹೊತ್ತಿಗೆ ಮಿರಜಿನವರು ತಮ್ಮ ಮಗಳಿಗಾಗಿ ಶಿವಪ್ರಕಾಶನನ್ನು ನೋಡಲು ಬಂದರು. ಇಂದೂ ಚಹಾ ತಂದಳು. ಹುಡುಗಿಯ ತಾಯಿ ಈಕೆ ಯಾರೆಂದು ಕೇಳಿದರು. ನಮ್ಮ ಮಗಳು ಎಂದರು ಅತ್ತೆ. ಮದುವೆಯಾಗಿದೆಯೇ ಎಂದು ಆಕೆ ಮತ್ತೆ ಕೇಳಿದರು.

"ಆಗಿತ್ತರಿ, ಇವರ ಕೂಡನ," ಎಂದು ಇಂದೂ ಶಿವಪ್ರಕಾಶನ ಕಡೆ ತೋರಿಸಿದಳು. "ಆಮ್ಯಾಲ ಅಣ್ಣ ಆದ್ರು. ಹಾಳಿ ಅದ, ನೋಡ್ರಿ. ನಮ್ಮ ವೈನಿ ಬರದಾರ."

ಸೆರಗಿನೊಳಗಿಂದ ಝೆರಾಕ್ಸ್ ತೆಗೆದು ಕೊಟ್ಟಳು. ಆಕೆ ಸಾಲು ಸಾಲಾಗಿ ಓದಿದರು. ಬೆರಳು ನನ್ನ ಸಹಿಯ ಮೇಲೆ ನಿಂತಿತು.

"ನಮಗೇನ ಗೊತ್ತರಿ. ಹಿರಿ ಸೊಸಿ ಓದಿದಾಕಿ ಅಂತ ನಂಬಿದ್ವಿ," ಎಂದರು ಅತ್ತೆ.

ಬಂದವರು ಚಹಾ ಮುಟ್ಟದೆ ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ ಅತ್ತೆ ನನ್ನ ಕಡೆ ನೋಡಲಿಲ್ಲ. ನನ್ನತ್ತ ಕೈ ತೋರಿಸಿ ನನ್ನ ಗಂಡ ಬಸವಪ್ರಭುವಿಗೆ, "ಇಕಿ ಅಪ್ಪಗ ಫೋನ್ ಹಚ್ಚು," ಎಂದರು.

ಅವರು ಜೇಬಿನಿಂದ ಫೋನ್ ತೆಗೆದರು.

ಇಂದೂ ತುಂಬಿದ ಕಪ್ಪುಗಳನ್ನು ಒಂದೊಂದಾಗಿ ಟ್ರೇಗೆ ಎತ್ತಿಟ್ಟುಕೊಂಡು ನನ್ನ ಪಕ್ಕ ನಿಂತಳು.

"ಕಾಳಿನ ಖೋಲ್ಯಾಗ ಇನ್ನೊಂದು ಹಾಸಿಗಿಗೆ ಜಾಗಾ ಅದರಿ, ವೈನಿ," ಎಂದಳು.