ಕರೆಂಟು ಕೋಣೆಯ ಮುಖವಾಡ

ನಾನೊಂದು ಮುಖವಾಡ. ಹುಟ್ಟುವಾಗ ನನಗೆ ಮುಖವೇ ಇರಲಿಲ್ಲ. ಯಾವುದೋ ಕಾರ್ಖಾನೆಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಹಾಳೆಯಾಗಿ ಹೊರಬಂದೆ. ಮೈತುಂಬ ಜರಡಿಯಂಥ ತೂತು, ಅಂಚಿಗೆ ಒಂದು ಗಟ್ಟಿ ಚೌಕಟ್ಟು. ನನ್ನಂಥ ಹಾಳೆಗಳನ್ನು ರಟ್ಟಿನ ಡಬ್ಬದಲ್ಲಿ ಜೋಡಿಸಿ ಮೈಸೂರಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಬರುವವರಲ್ಲಿ ಹೆಚ್ಚಿನವರು ಹಾಗೆ ಹೇಳುವುದಿಲ್ಲ. ‘ಕರೆಂಟು ಕೊಡುಸ್ಕೊಳ್ಳೋಕೆ ಬಂದಿವ್ನಿ’ ಅನ್ನುತ್ತಾರೆ.

ನನ್ನ ಕೆಲಸ ಒಂದೇ, ಹಿಡಿದುಕೊಳ್ಳುವುದು. ಕಿರಣ ದಿನವೂ ಅದೇ ಜಾಗಕ್ಕೆ ಬೀಳಬೇಕು. ತಲೆ ಸ್ವಲ್ಪ ಆಚೀಚೆ ಆದರೂ ರೋಗ ತಪ್ಪಿಸಿಕೊಂಡು ಒಳ್ಳೆಯ ಮಾಂಸ ಸುಡುತ್ತದೆ. ಅದಕ್ಕೇ ನಾನು. ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿದರೆ ಒದ್ದೆ ಬಟ್ಟೆಯಂತೆ ಜೋಲುತ್ತೇನೆ. ಆಗ ನನ್ನನ್ನು ಮಲಗಿದವರ ಮುಖದ ಮೇಲೆಳೆದು ಒತ್ತುತ್ತಾರೆ. ಹತ್ತು ನಿಮಿಷಕ್ಕೆ ಆರಿ ಗಟ್ಟಿಯಾಗುತ್ತೇನೆ. ಮೂಗು, ಗದ್ದ, ಹುಬ್ಬು ಎಲ್ಲವೂ ನನಗೂ ಬಂದಿರುತ್ತವೆ. ಆ ರೋಗಿಯ ಚಿಕಿತ್ಸೆ ಮುಗಿದ ಮೇಲೆ ಚೆನ್ನಾಗಿ ತೊಳೆದು ಮತ್ತೆ ತೊಟ್ಟಿಗೆ ಹಾಕುತ್ತಾರೆ. ಮುಖ ಕರಗಿ ನಾನು ಪುನಃ ಹಾಳೆ. ಮೊದಲು ಒಬ್ಬ ಬಸ್ ಡ್ರೈವರ್ ಆಗಿದ್ದೆ. ಆಮೇಲೆ ಒಬ್ಬ ದರ್ಜಿ. ಅವರು ಉಳಿದರೋ ಇಲ್ಲವೋ ನನಗೆ ಯಾರೂ ಹೇಳಲಿಲ್ಲ. ಎರಡೇ ಮುಖಕ್ಕೆ ಸಾಕಾಗಿ ಹೋಗಿತ್ತು.

ಮೂರನೆಯವಳು ಚಿಕ್ಕತಾಯಮ್ಮ. ಕೊಳ್ಳೇಗಾಲದವಳು, ನಲವತ್ತೆಂಟು ವಯಸ್ಸು, ರೇಷ್ಮೆ ನೂಲು ಬಿಚ್ಚುವ ಕೆಲಸ. ಎಲೆಯಡಿಕೆಯ ಜೊತೆ ಹೊಗೆಸೊಪ್ಪನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುವ ಅಭ್ಯಾಸ ಇತ್ತಂತೆ. ಆ ಕೆನ್ನೆಯಲ್ಲೇ ಗಡ್ಡೆ. ಆಪರೇಶನ್ ಮಾಡಿ ತೆಗೆದಿದ್ದರು. ಒಳಗೆ ಬೇರು ಉಳಿದಿದ್ದರೆ ಸಾಯಲಿ ಎಂದು ಮೂವತ್ತು ದಿನದ ಕರೆಂಟು ಬರೆದಿದ್ದರು.

ನನ್ನನ್ನು ತೊಟ್ಟಿಯಿಂದ ಎತ್ತುವುದನ್ನು ನೋಡಿ ಆಕೆ ನಕ್ಕಳು. ಬಾಯಿ ಪೂರ್ತಿ ತೆರೆಯದು, ಮಾತು ತೊದಲು. “ನಾವು ಗೂಡು ಬೇಯ್ಸೋ ಹಂಗೇ ಬೇಯಿಸ್ತೀಯಲ್ಲವ್ವ! ನನ್ನ ಮೂತಿನೂ ಬಿಚ್ಚಿಬುಟ್ಟೀಯ.”

“ಬಿಚ್ಚಲ್ಲ ಅಮ್ಮಾ, ಕಟ್ಟಾಕ್ತೀನಿ. ಕಣ್ಣು ಮುಚ್ಕೊಳ್ಳಿ, ಮೂಗಲ್ಲಿ ಉಸಿರಾಡಿ” ಅಂದಳು ಜಬೀನಾ. ಯಂತ್ರ ನಡೆಸುವ ತಂತ್ರಜ್ಞೆ ಅವಳು. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಬರುತ್ತಿದ್ದಳು. ಕೋಣೆಗೆ ಬರುವಾಗಲೇ ಆಯಾಸ ಅವಳ ಕಣ್ಣಲ್ಲಿರುತ್ತಿತ್ತು. ಆದರೂ ಪ್ರತಿಯೊಬ್ಬರಿಗೂ ಅದೇ ಮಾತನ್ನು ಮೊದಲ ಸಲದಂತೆ ಹೇಳುತ್ತಿದ್ದಳು. “ಒಳಗೆ ನೀವೊಬ್ರೇ ಇರ್ತೀರಿ, ಆದ್ರೆ ಕ್ಯಾಮೆರಾದಲ್ಲಿ ನಾನು ನೋಡ್ತಿರ್ತೀನಿ. ಮಿಷಿನ್ ಸುತ್ತ ತಿರುಗುತ್ತೆ, ಮುಟ್ಟಲ್ಲ. ನೋವಾಗಲ್ಲ. ಏನಾದ್ರೂ ಆದ್ರೆ ಕೈ ಎತ್ತಿ, ನಿಲ್ಲಿಸಿ ಓಡಿ ಬರ್ತೀನಿ.”

ಸೋಮವಾರದಿಂದ ಶುಕ್ರವಾರ, ದಿನವೂ ಹತ್ತು ನಿಮಿಷ. ಅದಕ್ಕಾಗಿ ತಾಯಿ, ಮಗಳು ರೂಪಶ್ರೀ ಇಬ್ಬರೂ ಎರಡು ಗಂಟೆ ಬಸ್ಸಿನಲ್ಲಿ ಬರಬೇಕು, ಎರಡು ಗಂಟೆ ಹೋಗಬೇಕು. ನನ್ನನ್ನು ಮೇಜಿಗೆ ಕ್ಲಿಪ್ಪಿನಿಂದ ಬಿಗಿದಾಗ ಚಿಕ್ಕತಾಯಮ್ಮನ ಎದೆ ಮೊದಮೊದಲು ಡವಡವ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ತುಟಿ ಅಲ್ಲಾಡಿಸದೆ, ಉಸಿರಿನಲ್ಲೇ ಬಸ್ಸಿನ ದಾರಿ ಹೇಳಿಕೊಳ್ಳುವಳು: ಮುಡಿಗುಂಡ, ಟಗರಪುರ, ಮೂಗೂರು, ನರಸೀಪುರ, ವರುಣ. ವರುಣ ದಾಟುವಷ್ಟರಲ್ಲಿ ಯಂತ್ರ ನಿಲ್ಲುತ್ತಿತ್ತು.

ಹೀಗೆ ಹತ್ತು ದಿನ ಸಲೀಸಾಗಿ ಹೋಯಿತು. ಹನ್ನೊಂದನೆಯ ದಿನ, ಸೋಮವಾರ, ಆಕೆ ತಲೆಗೆ ಸೆರಗು ಹೊದ್ದು ಬಂದಳು. ಮಲಗಿದಳು. ಜಬೀನಾ ನನ್ನನ್ನು ಇಟ್ಟು ಕ್ಲಿಪ್ ಹಾಕಿದಳು. ನನಗೇ ಗಾಬರಿಯಾಯಿತು. ಹಣೆಯ ಹತ್ತಿರ ಹಿಡಿತವೇ ಸಿಗಲಿಲ್ಲ. ಒಳಗೆ ತಲೆ ಹೊರಳುತ್ತಿತ್ತು.

ಜಬೀನಾ ನನ್ನನ್ನು ತೆಗೆದು ಸೆರಗು ಸರಿಸಿದಳು. ನುಣ್ಣನೆಯ ಬೋಳು ತಲೆ, ಮೇಲೆ ಗಂಧ.

“ಅಮ್ಮಾ! ಕೂದಲೆಲ್ಲಿ?”

“ಮಾದಪ್ಪನ್ಗೆ ಮುಡಿ ಕೊಟ್ಬುಟ್ಟೆ ಕಣವ್ವ. ನಿನ್ನೆ ಬೆಟ್ಟಕ್ಕೆ ಹೋಗಿದ್ದೊ.” ಏನೋ ಒಳ್ಳೆಯ ಕೆಲಸ ಮುಗಿಸಿದವಳ ಹಾಗೆ ಹೇಳಿದಳು. “ಕರೆಂಟು ಕೊಟ್ರೆ ಕೂದ್ಲೆಲ್ಲ ಉದ್ರೋಯ್ತದೆ ಅಂದ್ರು ಹೊರಗಡೆ ಕೂತಿದ್ದೋರು. ಉದ್ರಿ ಕಸಕ್ಕೆ ಬೀಳೋದ್ಕಿಂತ ಇರೋವಾಗ್ಲೇ ದೇವ್ರಿಗೆ ಕೊಟ್ಬುಡಾನ ಅಂತ.”

ಜಬೀನಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. “ನಿಮಗೆ ಉದುರ್ತಾ ಇರ್ಲಿಲ್ಲ ಅಮ್ಮಾ. ಕಿರಣ ಬಿದ್ದ ಕಡೆ ಮಾತ್ರ ಉದುರೋದು. ನಿಮಗೆ ಕೆನ್ನೆ, ಕತ್ತು ಅಷ್ಟೇ. ಯಾರದೋ ಮಾತು ಕೇಳೋ ಬದಲು ನನ್ನನ್ನ ಒಂದು ಮಾತು ಕೇಳಿದ್ರೆ...”

ಅಷ್ಟು ದಟ್ಟ ಕೂದಲಿನ ಮೇಲೆ ತೆಗೆದ ಅಚ್ಚು ನಾನು. ಕೂದಲು ಹೋದ ಮೇಲೆ ನಾನು ಆಕೆಗೆ ದೊಗಲೆ. ಮತ್ತೆ ತೊಟ್ಟಿ, ಮತ್ತೆ ಸ್ಕ್ಯಾನ್, ಮತ್ತೆ ಡಾಕ್ಟರ ಲೆಕ್ಕಾಚಾರ. ಮೂರು ದಿನ ಹಾಳಾಯಿತು. ನಡುವೆ ಬಿಟ್ಟ ದಿನಗಳಲ್ಲಿ ರೋಗ ಚಿಗುರಿಕೊಳ್ಳಬಹುದು, ಇನ್ನು ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಗದರಿಸಿ ಕಳಿಸಿದರು. ಒಂದೇ ಮುಖವನ್ನು ಎರಡನೆಯ ಸಲ ಹೊತ್ತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಎರಡು ವಾರಕ್ಕೇ ಆಕೆಯ ಕೆನ್ನೆಯ ಮೂಳೆ ಎದ್ದು ಬಂದಿತ್ತು.

ಆಮೇಲೆ ಕಷ್ಟದ ದಿನಗಳು ಶುರುವಾದವು. ಬಾಯೊಳಗೆ ಹುಣ್ಣು. ಎಂಜಲು ಒಣಗಿ ಅಂಟು. ಉಪ್ಪು, ಹುಳಿ, ಸಿಹಿ ಎಲ್ಲ ಒಂದೇ, ಮಣ್ಣು ತಿಂದ ಹಾಗೆ. ಕತ್ತಿನ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಯಿತು. ಸೋಪು ಹಚ್ಚಬೇಡಿ, ಉಪ್ಪು, ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿ, ಗಂಜಿ, ಮೊಟ್ಟೆ, ಹಾಲು ಏನಾದರೂ ನುಂಗಿ ಎಂದು ಜಬೀನಾ ದಿನವೂ ಹೇಳಿದಳು. ಎಲ್ಲಕ್ಕಿಂತ ದೊಡ್ಡದು ಸುಸ್ತು. ಮಲಗಿದರೂ ಹೋಗದ ಸುಸ್ತು. ನನ್ನೊಳಗೆ ಆಕೆ ಈಗ ಊರ ಹೆಸರು ಹೇಳುತ್ತಿರಲಿಲ್ಲ. ಮುಡಿಗುಂಡ ಅನ್ನುವಷ್ಟರಲ್ಲೇ ಉಸಿರು ಸೋಲುತ್ತಿತ್ತು.

ಹತ್ತೊಂಬತ್ತು ದಿನದ ಕರೆಂಟು ಮುಗಿಯಿತು. ಬುಧವಾರ ಆಕೆ ಬರಲಿಲ್ಲ. ಗೋಡೆಯ ಗೂಟದಲ್ಲಿ ನಾನು ನೇತಾಡುತ್ತಿದ್ದೆ, ಹಣೆಯ ಮೇಲೆ ಆಕೆಯ ಹೆಸರಿನ ಚೀಟಿ. ಗುರುವಾರವೂ ಇಲ್ಲ. ಜಬೀನಾ ಎರಡು ಸಲ ಫೋನ್ ಮಾಡಿದಳು. ಹಿಂದಿನ ಇಬ್ಬರನ್ನು ನಾನು ಹೀಗೆ ಕಾದಿರಲಿಲ್ಲ.

ಶುಕ್ರವಾರ ತಾಯಿ ಮಗಳು ಬಂದರು. ಚಿಕ್ಕತಾಯಮ್ಮ ಫೈಲನ್ನು ಜಬೀನಾಳ ಕೈಗೆ ಇಟ್ಟಳು.

“ಸಾಕು ಕಣವ್ವ. ನೀರು ಕುಡುದ್ರೆ ಖಾರದಪುಡಿ ಕುಡ್ದಂಗಾಯ್ತದೆ. ಗಡ್ಡೆ ತಗ್ದವ್ರಲ್ಲ, ಸಾಕು.”

ಗೋಡೆಗೊರಗಿ ನಿಂತಿದ್ದ ರೂಪಶ್ರೀ ಮುಂದೆ ಬಂದಳು. ಅವಳ ಕಣ್ಣ ಕೆಳಗೂ ಕಪ್ಪು.

“ದೇವ್ರು ಕೇಳುದ್ನಾ ನಿನ್ನ ಕೂದ್ಲ? ಕೇಳ್ದೆ ಇದ್ರೂ ಕೊಟ್ಬುಟ್ಟು ಬಂದೆ. ನಾನು ಬಾಯ್ಬುಟ್ಟು ಕೇಳ್ತಾ ಇವ್ನಿ. ಹನ್ನೊಂದೇ ದಿನ. ನಂಗೆ ಅಷ್ಟು ಕೊಡಕ್ಕಾಗಲ್ವಾ ನಿಂಗೆ?”

ಚಿಕ್ಕತಾಯಮ್ಮ ಮಗಳನ್ನೇ ನೋಡಿದಳು.

“ಬಾಯಿ ನೋಡು ಇವಳ್ದು. ಥೇಟು ಅವರಪ್ಪನ್ದೇ” ಅಂದಳು. ಆಮೇಲೆ ಚಪ್ಪಲಿ ಬಿಟ್ಟು ಮೇಜು ಹತ್ತಿ ಮಲಗಿದಳು. ನಾನು ಹೋಗಿ ಕೂತೆ. ಆಕೆ ಅಳುತ್ತಿದ್ದಳು. ಕಣ್ಣೀರು ನನ್ನ ತೂತುಗಳಲ್ಲಿ ಇಳಿದು ಹೋಯಿತು, ತಲೆ ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.

ಡಾಕ್ಟರು ನೋವಿನ ಔಷಧಿ ಬದಲಿಸಿದರು. ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಹಾಕಿ ಗಂಜಿ ಬಿಟ್ಟರು. ಅದಕ್ಕೆ ದಾರಿ ಮಾಡಲು ನನ್ನ ಮೂಗಿನ ಹತ್ತಿರ ಒಂದು ತೂತು ಅಗಲ ಮಾಡಿದರು. ಹನ್ನೊಂದು ದಿನ ಆಕೆ ಬಂದಳು. ಖುಷಿಯಿಂದ ಬಂದಳು ಅಂತ ಸುಳ್ಳು ಹೇಳಲಾರೆ. ಬಂದಳು, ಅಷ್ಟೇ. ಮೂವತ್ತನೆಯ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ. “ಇನ್ನೂ ಎರಡು ವಾರ ಹುಣ್ಣು ಹೀಗೇ ಇರುತ್ತೆ, ಹೆದರಬೇಡಿ, ಆಮೇಲೆ ನಿಧಾನಕ್ಕೆ ಇಳಿಯುತ್ತೆ” ಅಂದಳು ಜಬೀನಾ. ಮೂರು ತಿಂಗಳಿಗೆ ಬಂದು ತೋರಿಸಬೇಕು. ಅದೇ ದಿನ ಕ್ಲಿಪ್ ಬಿಚ್ಚುವಾಗ ನನ್ನ ಗದ್ದದ ಬಳಿ ಸೀಳು ಬಿಟ್ಟಿತು. ಹಳೆಯ ಮೈ. ಸೀಳಿದ್ದನ್ನು ಮತ್ತೆ ತೊಟ್ಟಿಗೆ ಹಾಕುವುದಿಲ್ಲ. ಎಸೆಯುವ ಬದಲು ಜಬೀನಾ ನನ್ನನ್ನು ಹೆಸರಿನ ಚೀಟಿ ತೆಗೆದು, ತೊಳೆದು, ಹೊರಗೆ ಕಾಯುವ ಜಾಗದ ಕಪಾಟಿನ ಮೇಲೆ ಇಟ್ಟಳು. ಹೊಸಬರು ಮುಟ್ಟಿ ನೋಡಲಿ ಅಂತ.

ಅಲ್ಲಿ ಧೂಳು ಕೂರುತ್ತದೆ. ಎಷ್ಟೋ ಜನ ನನ್ನನ್ನು ಎತ್ತಿ ತಿರುಗಿಸಿ ನೋಡುತ್ತಾರೆ, ಹೆದರಿ ಇಡುತ್ತಾರೆ. ನನಗೆ ಆಕೆಯ ಎರಡನೆಯ ಮುಖ ಹಾಗೇ ಉಳಿದುಬಿಟ್ಟಿತು.

ಒಂದು ಬೆಳಿಗ್ಗೆ ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬ ಗಂಡಸು ಬೆಂಚಿನಲ್ಲಿ ಕೂತು ಹೆಂಡತಿಗೆ ಹೇಳುತ್ತಿದ್ದ, “ಎದ್ದೇಳಮ್ಮಿ, ಊರಿಗೆ ಹೋಗವ. ನನ್ನ ಮೂತಿ ಕಟ್ಟಾಕಿ ಸುಡ್ತರಂತೆ.”

ಯಾರದೋ ಕೈ ನನ್ನನ್ನು ಎತ್ತಿತು. ಬೆರಳ ತುದಿ ಬಿಸಿನೀರಿಗೆ ಸುಕ್ಕಾದದ್ದು. ಕೆನ್ನೆ ತುಂಬಿತ್ತು, ತಲೆಯ ಮೇಲೆ ಬೆರಳುದ್ದ ಕೂದಲು. “ಅಯ್ಯೋ, ನಾನು ಇಷ್ಟು ಸಣ್ಣುಕಿದ್ನಾ!” ಅಂದಳು ಚಿಕ್ಕತಾಯಮ್ಮ. ಕೈಯಲ್ಲಿದ್ದ ಸ್ಕ್ಯಾನ್ ಕವರನ್ನು ಮಗಳಿಗೆ ಕೊಟ್ಟು, ನನ್ನನ್ನು ಹಿಡಿದುಕೊಂಡು ಆ ಗಂಡಸಿನ ಪಕ್ಕ ಕೂತಳು.

“ಸ್ಕ್ಯಾನು ಏನಂತು ನಿಮ್ದು?” ಆತನ ಹೆಂಡತಿ ಕೇಳಿದಳು.

“ಸದ್ಯಕ್ಕೆ ಏನೂ ಕಾಣ್ತಿಲ್ವಂತೆ. ಇನ್ನೂ ವರ್ಷಗಟ್ಲೆ ಬತ್ತಾ ಇರ್ಬೇಕು.”

“ಸುಟ್ರಾ?” ಅಂದ ಗಂಡಸು.

“ಒಳಗೆ ಏನೂ ಆಗಕಿಲ್ಲ ಕಣಣ್ಣ. ಆಮೇಲಾಯ್ತದೆ. ನಾಕನೇ ವಾರಕ್ಕೆ ನೀನು ನನ್ನೂ ಬೈತೀಯ, ಆ ಮೇಡಮ್ಮನೂ ಬೈತೀಯ, ಈ ಹೆಂಡ್ತಿನೂ ಬೈತೀಯ.” ನನ್ನನ್ನು ಅವನ ತೊಡೆಯ ಮೇಲೆ ಇಟ್ಟಳು. “ಬೈಯಿ. ಬೈಕೊಂಡೇ ಬಂದು ಮಲಿಕೊ.”

ಆತ ನನ್ನನ್ನು ತಿರುಗಿಸಿ, ಒಳಬದಿಯನ್ನು ಮೆಲ್ಲಗೆ ತನ್ನ ಮುಖಕ್ಕೆ ಹಿಡಿದು ನೋಡಿದ. ದೊಡ್ಡ ಮುಖ, ನನ್ನೊಳಗೆ ಹಿಡಿಯಲಿಲ್ಲ. ಅವನ ಬಿಸಿಯುಸಿರು ನನ್ನ ತೂತುಗಳಲ್ಲಿ ಹಾದುಹೋಯಿತು. ಒಳಗಿಂದ ಜಬೀನಾ ಅವನ ಹೆಸರು ಕೂಗಿದಳು. ಆತ ನನ್ನನ್ನು ಹೆಂಡತಿಯ ಕೈಗೆ ಕೊಟ್ಟು ಎದ್ದ.