ಹದಿನೇಳನೇ ರೂಮಿನ ಹೊಳಪು

ಮತ ಎಣಿಕೆ ಮುಗಿದು ಸರ್ಕಾರ ಬದಲಾಯಿತು ಎಂದು ಗೊತ್ತಾದ ಮೇಲೆ, ಮಂತ್ರಿಗಳ ಕಚೇರಿಯ ಎರಡನೇ ಮಹಡಿಯಲ್ಲಿ ಮೊದಲು ಜಾಗ ಖಾಲಿ ಮಾಡಿದ್ದು ಸೋತ ಮಂತ್ರಿಯಲ್ಲ, ಅವರಿಗೆ ಬಂದಿದ್ದ ನೆನಪಿನ ಕಾಣಿಕೆಗಳು. ಹದಿನೇಳನೇ ರೂಮಿನ ತುಂಬ ಒಟ್ಟಿದ್ದ ಫಲಕ, ಟ್ರೋಫಿ, ಗಾಜಿನ ಪೆಟ್ಟಿಗೆಯ ಹಡಗು ಎಲ್ಲವೂ ಸಂಜೆಯೊಳಗೆ ವ್ಯಾನು ಹತ್ತಿ ಹೋದವು.

ಕಸ ಗುಡಿಸುವ, ಪುಟ್ಟ ಗುಬ್ಬಿಯ ಅಮ್ಮ ಪೊರಕೆ ಹಿಡಿದು ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗುಡಿಸುವ ಹೆಂಗಸರ ಮಕ್ಕಳಿಗೆ ಆ ರೂಮು ಕೊಡಬೇಕೆಂಬ ಆರ್ಡರಿಗೆ ಮೂರು ವರ್ಷದ ಹಿಂದೆ ಅದೇ ಮಂತ್ರಿ ಸಹಿ ಹಾಕಿದ್ದರು. ಆದರೆ ಮಂತ್ರಿಯ ಟ್ರೋಫಿಗಳನ್ನು ಎತ್ತಿ ಬೀದಿಗಿಡುವ ಗುಂಡಿಗೆ ಯಾರಿಗಿತ್ತು? ಆರ್ಡರ್ ಅವಳ ಊಟದ ಚೀಲದಲ್ಲೇ ಉಳಿಯಿತು, ಗುಬ್ಬಿ ಮೆಟ್ಟಿಲ ಕೆಳಗೇ ಬೆಳೆದಳು. ಹೋದ ತಿಂಗಳು ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿದ್ದ: “ಇನ್ನೊಂದ್ಸಲ ಮಗು ಇಲ್ಲಿ ಕಂಡ್ರೆ ನೀನೂ ಬರ್ಬೇಡ.” ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಹಳಬರು ಹೋಗಿ ಹೊಸಬರು ಬರುವ ತನಕ ಎಲ್ಲ ರೂಮುಗಳ ಬೀಗದ ಕೈ ಗುಡಿಸುವವರ ಹಿರಿಯಳಾದ ದೊಡ್ಡಕ್ಕನ ಸೊಂಟದಲ್ಲಿರುವುದು ಅಲ್ಲಿನ ಪದ್ಧತಿ.

“ಎರಡು ದಿನ ನಂದೇ ಸರ್ಕಾರ ಕಣೇ,” ಎಂದಳು ದೊಡ್ಡಕ್ಕ. “ಇವತ್ತೇ ತೊಳ್ದುಬಿಡೋಣ. ನಾಳೆ ಬೆಳಿಗ್ಗೆ ಮಕ್ಕಳನ್ನ ಒಳಗೆ ಬಿಡೋಣ.”

ಗುಡಿಸುವ ಹೆಂಗಸರು ಐವರೂ ಸೇರಿ ತೊಳೆದರು. ಕೈ ಪಳಗಿದ್ದು ಸಾಹೇಬರ ರೂಮು ತೊಳೆದು ತೊಳೆದು. ನೆಲಕ್ಕೆ ಮೂರು ಸಲ ನೀರು, ಕಿಟಕಿಗೆ ಹಳೇ ಪೇಪರಿನ ಉಜ್ಜು, ಮೂಲೆಯಲ್ಲೊಂದು ಮೇಜು, ಕುರ್ಚಿಯ ಬೆನ್ನಿಗೆ ಮಡಿಸಿದ ಬಿಳಿ ಟವೆಲು. ಅದು ಮಕ್ಕಳ ರೂಮು ಎಂಬುದು ತಲೆಗೆ ಗೊತ್ತಿದ್ದರೂ ಕೈಗೆ ಗೊತ್ತಿರಲಿಲ್ಲ. ನೆಲ ಒಣಗಲೆಂದು ಬಾಗಿಲನ್ನು ತೆರೆದೇ ಬಿಟ್ಟು ಹೋದರು.

ಮರುದಿನ ಬೆಳಿಗ್ಗೆ ಗುಬ್ಬಿಯ ಕೈ ಹಿಡಿದು ಅಮ್ಮ ಬಂದರೆ, ಆ ಕುರ್ಚಿಯಲ್ಲಿ ಹೊಸ ಮಂತ್ರಿಯ ಆಪ್ತ ಕಾರ್ಯದರ್ಶಿ ಒಂದು ದಿನ ಮೊದಲೇ ಬಂದು ಕೂತಿದ್ದರು! ಮೇಜಿನ ಮೇಲೆ ಅವರ ಚೀಲ.

“ಭಲೇ! ನನಗೋಸ್ಕರ ಎಷ್ಟು ಚೆನ್ನಾಗಿ ರೆಡಿ ಮಾಡಿದ್ದೀರಮ್ಮ!”

ಗುಬ್ಬಿಯ ಅಮ್ಮ ಹಿಂದೆಯೇ ಬಂದ ದೊಡ್ಡಕ್ಕನತ್ತ ತಿರುಗಿದಳು. ತಮ್ಮ ಕೈಯಾರೆ ತಾವೇ ಕೆಡಿಸಿಕೊಂಡಂತಾಯಿತಲ್ಲ! ದೊಡ್ಡಕ್ಕ ಪಿಸುಗುಟ್ಟಿದಳು: “ಸುಮ್ನಿದ್ರೆ ಇನ್ನೈದು ವರ್ಷ ಮೆಟ್ಟಿಲ ಕೆಳಗೇ. ತೆಗಿಯೇ ಆ ಕಾಗದ.”

ಗುಬ್ಬಿಯ ಅಮ್ಮ ಊಟದ ಚೀಲದಿಂದ ಆರ್ಡರನ್ನು ತೆಗೆದು ಮುಂದೆ ಚಾಚಿದಳು. ಕಾರ್ಯದರ್ಶಿ ಓದಿ ಹುಬ್ಬೇರಿಸಿದರು.

“ಇದು ಹಳೇ ಸರ್ಕಾರದ ಆರ್ಡರ್ ಅಲ್ವೇನಮ್ಮ?”

“ಆರ್ಡರ್ ಹಳೇದೇ ಸಾರ್. ಆದ್ರೆ ಮಕ್ಕಳು ಇನ್ನೂ ಚಿಕ್ಕೋರೇ ಇದ್ದಾರೆ.”

ಅಷ್ಟರಲ್ಲಿ ಗುಬ್ಬಿ ಅಮ್ಮನ ಕೈ ಬಿಡಿಸಿಕೊಂಡು ಕುರ್ಚಿಯ ಹತ್ತಿರ ಹೋಗಿ, “ತಾತಾ, ಏಳು. ಇದು ನಮ್ಮ ರೂಮು,” ಎಂದಳು.

ಕಾರ್ಯದರ್ಶಿ ಗುಬ್ಬಿಯನ್ನು ನೋಡಿ ನಕ್ಕುಬಿಟ್ಟರು.

“ಕುರ್ಚಿ ಹತ್ತಿ ಐದು ನಿಮಿಷ ಆಗಿಲ್ಲ, ಆಗಲೇ ಇಳಿಸ್ತಾ ಇದ್ದಾಳಲ್ಲಮ್ಮ ನಿನ್ ಮಗಳು! ಸರಿ, ನಾನೆಲ್ಲಿ ಕೂತ್ಕೊಳ್ಳಲಿ?”

“ಪಕ್ಕದ ಹದಿನೆಂಟು ಇದಕ್ಕಿಂತ ದೊಡ್ಡದು ಸಾರ್! ತೊಳ್ದಿಲ್ಲ ಅಷ್ಟೇ. ಅರ್ಧ ಗಂಟೆ ಕೊಡಿ,” ಎಂದಳು ದೊಡ್ಡಕ್ಕ.

“ಮಂತ್ರಿಗಳು ಏನಂತಾರೋ ನಾನು ಹೇಳಲಾರೆ. ಒಂದು ವಾರ ಇಟ್ಕೊಳ್ಳಿ, ಕೇಳಿ ನೋಡ್ತೀನಿ. ಸೂಪರ್‌ವೈಸರ್‌ಗೂ ಹೇಳಿರ್ತೀನಿ.” ಚೀಲ ಹೆಗಲಿಗೇರಿಸಿ ಅವರು ಎದ್ದರು.

“ವಾರ ಸಾಕು ಬಿಡೇ,” ಎಂದಳು ದೊಡ್ಡಕ್ಕ, ಅವರು ಅತ್ತ ಹೋದ ಮೇಲೆ. “ಒಳಗೆ ಹೋದ ಮಕ್ಕಳನ್ನ ಹೊರಗೆ ಹಾಕೋಕೆ ಯಾವ ಮಂತ್ರಿಗೆ ಮನಸ್ಸು ಬರುತ್ತೆ?”

ಐವರೂ ಸೇರಿ ಹದಿನೆಂಟನ್ನು ಕನ್ನಡಿಯಂತೆ ಉಜ್ಜಿಟ್ಟರು. ಸಂಜೆ ಗುಬ್ಬಿಯ ಅಮ್ಮ ಹದಿನೇಳಕ್ಕೆ ಬಂದಾಗ ನೆಲದ ತುಂಬ ಪುಟ್ಟ ಪುಟ್ಟ ಹೆಜ್ಜೆ, ಗೋಡೆಯ ಮೇಲೆ ಸೀಮೆಸುಣ್ಣದ ಬೆಕ್ಕು. ರೂಢಿಯಂತೆ ಬಟ್ಟೆ ಒದ್ದೆ ಮಾಡಿಕೊಂಡು ಬಗ್ಗಿದವಳು, ಏನೋ ನೆನೆಸಿಕೊಂಡು ನಿಂತಳು. ಕಸವನ್ನಷ್ಟೇ ಗುಡಿಸಿ, ಬೆಕ್ಕನ್ನು ಹಾಗೇ ಬಿಟ್ಟು, ಕುರ್ಚಿಯ ಬಿಳಿ ಟವೆಲು ತೆಗೆದು ಬಕೆಟ್ಟಿಗೆ ಹಾಕಿದಳು.

“ಇಷ್ಟೇ ಹೊಳಪು ಸಾಕು,” ಎಂದಳು. “ಜಾಸ್ತಿ ಹೊಳೆದರೆ ಯಾರಾದ್ರೂ ಬಂದು ಕೂತ್ಕೋತಾರೆ.”