ಮೊದಲು ಯಾರ ಮುಖ

ಬಸವಲಿಂಗಪ್ಪನ ಕಣ್ಣಿನ ಪಟ್ಟಿ ಬಿಚ್ಚಿದಾಗ ಅವನು ಮೊದಲು ನೋಡುವುದು ಯಾರ ಮುಖವನ್ನು? ಅವನ ಹಿರಿಯ ಹೆಂಡತಿ ಶಿವದೇವಿಯನ್ನು ಕಾಡುತ್ತಿದ್ದುದು ಇದೊಂದೇ ಚಿಂತೆ.

ನಾರಾಯಣಪೇಟೆ ಕಡೆಯ ಅವರ ಹಳ್ಳಿಯ ಶಾಲೆಯಲ್ಲಿ ಹೈದರಾಬಾದಿನ ದವಾಖಾನೆಯೊಂದರವರು ಕ್ಯಾಂಪ್ ಹಾಕಿದ್ದರು. ಬಸವಲಿಂಗಪ್ಪನ ಎರಡೂ ಕಣ್ಣಿನ ಪೊರೆ ಬಲಿತಿತ್ತು. ಆಪರೇಶನ್ ಪುಕ್ಕಟೆ, ಬಸ್ಸು ಊಟ ಎಲ್ಲ ಅವರದೇ. ಆದರೆ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಜಾಗ.

"ಅನ್ನಮ್ಮ ಬರಲಿ," ಎಂದ ಬಸವಲಿಂಗಪ್ಪ. "ಕೈ ಹಿಡದು ನಡಸೂದು ಆಕಿಗೆ ರೂಢಿ ಐತಿ."

ಶಿವದೇವಿ ಎದ್ದು ಒಲೆಯ ಮುಂದೆ ಹೋಗಿ ಕೂತಳು. ಮಕ್ಕಳಾಗಲಿಲ್ಲವೆಂದು ತಾನೇ ಮುಂದೆ ನಿಂತು ತಂದ ಸವತಿ ಅನ್ನಮ್ಮ. ಅವಳಿಗೂ ಮಕ್ಕಳಾಗಲಿಲ್ಲ, ಗಂಡ ಮಾತ್ರ ಅವಳ ಪಾಲಾದ. ಅವನ ಕಣ್ಣು ಮಂಜಾದ ಮೇಲಂತೂ ಹಿತ್ತಲಿಗೆ ಹೋಗಲೂ ಅನ್ನಮ್ಮನ ಭುಜವೇ ಬೇಕು. ಅವಳು ಅವನಿಗೆ ರೊಟ್ಟಿ ಮುರಿದು ಕೊಡುವಾಗಲೆಲ್ಲ ಶಿವದೇವಿ ಒಲೆಯ ಕಟ್ಟಿಗೆಯನ್ನು ಸುಮ್ಮಸುಮ್ಮನೆ ಕುಕ್ಕುತ್ತಿದ್ದಳು.

ಶಿವದೇವಿ ಒಂದು ಗುಟ್ಟು ಬಚ್ಚಿಟ್ಟುಕೊಂಡಿದ್ದಳು. ಅವಳ ಬಲಗಣ್ಣು ಬಹಳ ದಿನಗಳಿಂದ ಮಸಕು, ಎಡಗಣ್ಣೂ ಅಷ್ಟಕ್ಕಷ್ಟೆ. ಅಕ್ಕಿಯ ಹರಳನ್ನು ಬೆರಳಿನಿಂದ ತಡಕಿ ಆರಿಸುತ್ತಿದ್ದಳು. ಅದು ತಿಳಿದರೆ ಅಡುಗೆಮನೆಯೂ ಅನ್ನಮ್ಮನ ಕೈಸೇರುತ್ತದಲ್ಲ!

ಈಗ ಸೆರಗು ಬಿಗಿದು ಹೋಗಿ ಕ್ಯಾಂಪಿನ ಸಾಲಿನಲ್ಲಿ ನಿಂತಳು. ಟಾರ್ಚು ಬಿಟ್ಟು ನೋಡಿದ ಡಾಕ್ಟರು, ಇಷ್ಟು ದಿನ ಏಕೆ ಸುಮ್ಮನಿದ್ದೆಯೆಂದು ತೆಲುಗಿನಲ್ಲಿ ಗದರಿದರು.

"ನನಗೂ ಪೊರೆ ಬಂದೈತಂತ," ಎಂದು ಮನೆಗೆ ಬಂದು ಗೆದ್ದವಳಂತೆ ಹೇಳಿದಳು. "ನಾನೂ ಬಸ್ಸಿನ್ಯಾಗ ಬರತೀನಿ."

"ಅಯ್ಯ ಅಕ್ಕಾ, ಮೊದಲ ಹೇಳಬಾರದಿತ್ತೇನು?" ಅನ್ನಮ್ಮ ಗಾಬರಿಯಾದಳು. ಆ ಕನಿಕರ ಶಿವದೇವಿಯನ್ನು ಇನ್ನಷ್ಟು ಉರಿಸಿತು.

ಹೈದರಾಬಾದಿನ ತಾರ್ನಾಕದಲ್ಲಿದ್ದ ಆ ದವಾಖಾನೆಯಲ್ಲಿ ಗಂಡಸರ ವಾರ್ಡು ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ. ಇದನ್ನು ಶಿವದೇವಿ ಎಣಿಸಿರಲೇ ಇಲ್ಲ. ಆಪರೇಶನ್ ಆಗಿ ಬಲಗಣ್ಣಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದವಳಿಗೆ ಗೋಡೆಯಾಚೆ ಅನ್ನಮ್ಮ ನಕ್ಕಂತೆ ಕೇಳುತ್ತಿತ್ತು. ಕನ್ನಡದ ರೋಗಿಗಳಿಗೆ ಡಾಕ್ಟರ ಮಾತು ತಿಳಿಸಿಹೇಳಲು ಅಲ್ಲೇ ಸಮೀಪದ ಕುಷಾಯಿಗೂಡದಿಂದ ಬರುತ್ತಿದ್ದ ಪ್ರೇಮಾಳ ಕೈಯನ್ನು ಶಿವದೇವಿ ಹಿಡಿದಳು.

"ನಾಳೆ ನಮ್ಮ ಯಜಮಾನರ ಪಟ್ಟಿ ಬಿಚ್ಚೂ ಮುಂದ ನನ್ನ ಅಲ್ಲೆ ಕರಕೊಂಡು ಹೋಗವಾ."

"ನಿಮ್ಮದೂ ಅದ ಹೊತ್ತಿಗೆ ಬಿಚ್ಚತಾರಲ್ರಿ, ಅಮ್ಮಾ."

"ನಂದು ಆಮ್ಯಾಲೆ ಬಿಚ್ಚಲಿ."

ಪ್ರೇಮಾ ನಕ್ಕಳು. ಬೆಳಿಗ್ಗೆ ನರ್ಸನ್ನು ಕೇಳಿಕೊಂಡು ಗಂಡಹೆಂಡತಿಯನ್ನು ವರಾಂಡದ ಬೆಂಚಿನ ಮೇಲೆ ಅಕ್ಕಪಕ್ಕ ಕೂರಿಸಿದಳು.

ನರ್ಸು ಶಿವದೇವಿಯ ಪಟ್ಟಿಯನ್ನೇ ಮೊದಲು ಬಿಚ್ಚಿದಳು. ಬೆಳಕು ನುಗ್ಗಿ ಕಣ್ಣು ಕುಕ್ಕಿತು. ಎದುರಿಗೆ ಅನ್ನಮ್ಮ, ಗಂಡನ ಚೀಲ ಹಿಡಿದು ನಿಂತಿದ್ದಳು. ಬೈತಲೆಯುದ್ದಕ್ಕೂ ನರೆ. ಗುಳಿಬಿದ್ದ ಕೆನ್ನೆ. ಗಂಡನ ಭಾರಕ್ಕೆ ಒಂದು ಭುಜವೇ ಇಳಿದುಹೋಗಿತ್ತು. ಶಿವದೇವಿ ಈತನಕ ಕರುಬುತ್ತಿದ್ದುದು ಮದುವಣಗಿತ್ತಿಯೊಬ್ಬಳ ದುಂಡು ಮುಖಕ್ಕೆ. ಆ ಮುಖ ಈಗ ಎಲ್ಲೂ ಇರಲಿಲ್ಲ. ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು. ಆಮೇಲೆ ಕೈಚಾಚಿ ಸವತಿಯ ಮುಂಗೈ ಹಿಡಿದಳು.

"ಯಾವಾಗ ಇಷ್ಟು ಸೊರಗಿದಿಯವ್ವಾ, ಅನ್ನಮ್ಮ?"

ಅನ್ನಮ್ಮ ಉತ್ತರ ಹೇಳುವುದರೊಳಗೆ ನರ್ಸು ಬಸವಲಿಂಗಪ್ಪನ ಪಟ್ಟಿಗೆ ಕೈಹಾಕಿದಳು. ಸವತಿಯರಿಬ್ಬರೂ ಅವನತ್ತ ಬಾಗಿದರು. ಅವನು ರೆಪ್ಪೆ ಬಡಿದು, ಮೊದಲು ಕಂಡ ನರ್ಸಿಗೇ ಕೈ ಮುಗಿದ. ಆಮೇಲೆ ಹೆಂಡಿರತ್ತ ತಿರುಗಿದ.

"ಅಲಾ, ನೀವಿಬ್ರೂ ಇಷ್ಟು ಮುದುಕ್ಯಾರು ಯಾವಾಗ ಆದ್ರಿ?"

"ನಿಮ್ಮ ಕೈ ಹಿಡದು ನಡಿಸಿ ನಡಿಸೇ ಆಗೀನ್ರಿ," ಅನ್ನಮ್ಮ ಸಿಡುಕಿದಳು.

"ಕನ್ನಡಿ ತರಸಲೇನು ನಿಮಗ?" ಎಂದಳು ಶಿವದೇವಿ.

ಅವರಿಬ್ಬರೂ ಒಂದೇ ಪಕ್ಷ ವಹಿಸಿ ಮಾತಾಡಿದ್ದು ಅದೇ ಮೊದಲು.

ಊರಿಗೆ ಮರಳುವ ಬಸ್ಸಿನಲ್ಲಿ ಕಣ್ಣಿಗೆ ಹನಿ ಹಾಕುವ ಹೊತ್ತಾಯಿತು. ಅನ್ನಮ್ಮ ಸೀಸೆ ತೆಗೆದು ಎಂದಿನಂತೆ ಗಂಡನ ಕಡೆ ವಾಲಿದಳು. ಶಿವದೇವಿಯ ಎದೆಯಲ್ಲಿ ಹಳೆಯ ಉರಿ ಮತ್ತೆ ಹೊಗೆಯಾಡಿತು.

"ನನಗ ಮೊದಲ ಹಾಕು," ಎಂದು ಕರಿ ಕನ್ನಡಕ ತೆಗೆದಳು.

"ಅಲುಗಾಡಬ್ಯಾಡ, ಅಕ್ಕಾ," ಅನ್ನಮ್ಮ ಅವಳ ಗದ್ದ ಎತ್ತಿ ಹಿಡಿದಳು. ಪಕ್ಕದಲ್ಲಿ ಬಸವಲಿಂಗಪ್ಪ ಮುಖ ಮೇಲೆತ್ತಿಕೊಂಡು ತನ್ನ ಸರದಿ ಕಾಯುತ್ತಿದ್ದ.